ಸಂಪಾದಕರ ಉತ್ತರ: ಹವಲ್ಲಿಯಿಂದ ಬಂದ ಪಾತ್ರೆ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಾಯಿಗೆ ಈಗ 76. 1990ರಲ್ಲಿ ಅಪ್ಪ, ಅಮ್ಮ ಕುವೈತ್‌ನ ಹವಲ್ಲಿಯಲ್ಲಿದ್ದರು. ನಾನು ಇಲ್ಲಿ ಅಜ್ಜಿ ಮನೆಯಲ್ಲಿದ್ದೆ. ಯುದ್ಧದ ದಿನಗಳಲ್ಲಿ ಎದುರುಮನೆಯ ಪ್ಯಾಲೆಸ್ಟೀನ್ ಹೆಂಗಸು ದಿನಾ ಕುಬ್ಬೂಸ್ (ಅರಬ್ಬರ ರೊಟ್ಟಿ) ತಂದುಕೊಡುತ್ತಿದ್ದರಂತೆ. ಅವರ ಅಲ್ಯೂಮಿನಿಯಂ ಪಾತ್ರೆಯೊಂದು ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಅಮ್ಮ ಇದೇ ಕತೆ ನೂರು ಸಲ ಹೇಳಿದ್ದಾರೆ. ಬರೆಯೋಣ ಅಂತ ಕೂತರೆ ಒಂದು ಪುಟ ದಾಟುವುದಿಲ್ಲ. ಅದನ್ನೇ ಕಳಿಸಿದ್ದೇನೆ. ಇದರಲ್ಲಿ ಲೇಖನವಾಗುವಂಥದ್ದು ಇದೆಯಾ?"

ಇದೆ. ಆದರೆ ನೀವು ಕಳಿಸಿದ ಪುಟದಲ್ಲಿ ಅದು ಬಂದಿಲ್ಲ, ಬೇಜಾರು ಮಾಡ್ಕೋಬೇಡಿ. ಮುಕ್ಕಾಲು ಪುಟ ಸದ್ದಾಂ ಹುಸೇನ್, ಏರ್ ಇಂಡಿಯಾಕ್ಕೇ ಹೋಗಿದೆ. ಆಗಸ್ಟ್ 2ರಂದು ಸದ್ದಾಂನ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದ್ದು, ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್‌ನ ಅಮ್ಮಾನ್ ಸೇರಿದ್ದು, ಅಲ್ಲಿಂದ ಬಾಂಬೆಗೆ ವಿಮಾನ. ಸುಮಾರು ಎರಡು ತಿಂಗಳಲ್ಲಿ ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಹಾಗೆ ಕರೆತಂದರು. ಇದೆಲ್ಲ ಹಳೇ ಪೇಪರಿನಲ್ಲಿ ಸಿಗುತ್ತದೆ. ಎದುರುಮನೆಯ ಬಾಗಿಲು ಸಿಗುವುದು ನಿಮ್ಮಮ್ಮನ ಹತ್ತಿರ ಮಾತ್ರ. ಅದಕ್ಕೆ ನೀವು ಕೊಟ್ಟಿದ್ದು ನಾಲ್ಕೇ ಸಾಲು.

ನನ್ನ ತಲೆಯಲ್ಲಿ ಕೂತಿರುವುದು ಆ ಪಾತ್ರೆ. ಕೈಗೆ ಸಿಕ್ಕಿದ್ದನ್ನು ಸೂಟ್‌ಕೇಸಿಗೆ ತುರುಕಿಕೊಂಡು ಹೊರಟವರು ಎದುರುಮನೆಯವರ ಪಾತ್ರೆ ಯಾಕೆ ತಂದರು? ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಯಾರ ಮನೆಯಿಂದ ಹುಳಿ ಬಂದರೂ ನಮ್ಮಮ್ಮ ಪಾತ್ರೆ ಖಾಲಿ ವಾಪಸು ಕೊಟ್ಟವರಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತಿದ್ದರು. (ಆ ಸಕ್ಕರೆ ಮೆಟ್ಟಿಲ ಮೇಲೆ ನನ್ನ ಬಾಯಿಗೆ ಹೋಗುತ್ತಿತ್ತು, ಬಿಡಿ.) ಹವಲ್ಲಿಯಲ್ಲಿ ಆ ದಿನ ಹಾಕಿಕೊಡಲು ಸಕ್ಕರೆಯೂ ಇರಲಿಲ್ಲವಾ? ನಾಳೆ ಕೊಡೋಣ ಅಂದುಕೊಂಡು ಹಾಗೇ ಉಳಿಯಿತಾ? ಇದು ನನ್ನ ಊಹೆ. ಕೇಳಿ ನೋಡಿ.

ಕೇಳುವಾಗ "ಯುದ್ಧ ಹೇಗಿತ್ತಮ್ಮಾ" ಅನ್ನಬೇಡಿ. ನೂರು ಸಲ ಹೇಳಿದ್ದೇ ಮತ್ತೆ ಬರುತ್ತದೆ. ಬೇಕರಿ ಮುಂದೆ ಯಾರು ಎಷ್ಟು ಹೊತ್ತು ನಿಲ್ಲುತ್ತಿದ್ದರು? ಆಕೆ ಬಾಗಿಲು ತಟ್ಟುತ್ತಿದ್ದರಾ, ಕೂಗುತ್ತಿದ್ದರಾ? ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿದರು? ಆಕೆಯ ಹೆಸರನ್ನೂ ನೀವು ಬರೆದಿಲ್ಲ. ಅರಬ್ಬರಲ್ಲಿ ದೊಡ್ಡ ಮಗನ ಹೆಸರಿನ ಮುಂದೆ 'ಉಮ್' ಸೇರಿಸಿ ತಾಯಿಯನ್ನು ಕರೆಯುವ ರೂಢಿಯಿದೆ, ನಮ್ಮಲ್ಲಿ 'ಪುಟ್ಟನ ತಾಯಿ' ಅಂದ ಹಾಗೆ. ಅಮ್ಮನಿಗೆ ಆ ಮಗನ ಹೆಸರಷ್ಟೇ ನೆನಪಿದ್ದರೆ ಅದನ್ನೇ ಬರೆಯಿರಿ.

ತಾರೀಕುಗಳಿಗೆ ಅಮ್ಮನನ್ನು ಪೀಡಿಸಬೇಡಿ. ಕುವೈತ್ ಬಿಟ್ಟು ಬಂದವರು ಆಮೇಲೆ ವಿಶ್ವಸಂಸ್ಥೆಯ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಅಪ್ಪನೂ ಹಾಕಿದ್ದರೆ ಅದರ ನಕಲು ಬೀರುವಿನಲ್ಲಿರಬಹುದು.

ಇನ್ನೊಂದು ವಿಷಯ. ಯುದ್ಧಕ್ಕೆ ಮುಂಚೆ ಕುವೈತ್‌ನಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರಿದ್ದರು. ಅವರ ನಾಯಕ ಯಾಸರ್ ಅರಾಫತ್ ಸದ್ದಾಂ ಕಡೆ ವಾಲಿದರು ಅನ್ನುವ ಸಿಟ್ಟು ಆಮೇಲೆ ಎಲ್ಲರ ಮೇಲೂ ತಿರುಗಿತು. 1991ರಲ್ಲಿ ಇರಾಕ್ ಸೇನೆ ಹೊರಬಿದ್ದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಜಾಗ ಇರಲಿಲ್ಲ. ಬಹಳ ಜನ ಜೋರ್ಡಾನ್‌ಗೆ ಹೋದರು. ಅಂದರೆ ಕುಬ್ಬೂಸ್ ಕೊಟ್ಟಾಕೆಯೂ ಮುಂದೆ ಅದೇ ಅಮ್ಮಾನ್ ದಾರಿ ಹಿಡಿದಿರಬಹುದು. ನಿಮ್ಮ ಮನೆಯವರಿಗೆ ವಾಪಸು ಬರಲು ರಾಜಾಜಿನಗರ ಇತ್ತು, ಅಲ್ವಾ? ಅಮ್ಮ ನೂರು ಸಲ ಹೇಳುವುದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ. ಆಕೆ ಆಮೇಲೆ ಏನಾದರು ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಒಮ್ಮೆ ಕೇಳಿದ್ದೀರಾ?

ಎರಡು ಪುಟ ಸಾಕು. ಪಾತ್ರೆಯ ಫೋಟೋ ಕಳಿಸಿ. ಉಜ್ಜಿ ಹೊಳಪು ಮಾಡಬೇಡಿ, ಈಗ ಹೇಗಿದೆಯೋ ಹಾಗೇ ಇರಲಿ. ಅಂದಹಾಗೆ, ಅಮ್ಮ ಅದರಲ್ಲಿ ಈಗ ಏನಿಡುತ್ತಾರೆ?