ಸೆನ್ಸರ್ ಆಮೇಲೆ, ಮೊದಲು ಡ್ರಮ್ ಇಡಿ

‘ಮೇಡಂ, ವ್ಯವಸಾಯಕ್ಕೆ ಮುಂದೆ ಕಾಲ ಇದೆಯಾ?’ ಈ ಅಂಕಣಕ್ಕೆ ಪ್ರತಿ ತಿಂಗಳೂ ಬರುವ ಪ್ರಶ್ನೆ. ಇದೆ. ಇದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ನಮ್ಮ ರಾಗಿ ಇಷ್ಟೇ ಬೆಳೆಯುವುದು ಅಂತ ಊರೆಲ್ಲ ನಂಬಿದ್ದ ಕಾಲದಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದರು. ಇಂಡಾಫ್ ತಳಿಗಳು ಬಂದದ್ದು ಹಾಗೆ. ರಾಗಿ ಹೂವು ಎಷ್ಟು ಸಣ್ಣದು ಅಂತ ಒಮ್ಮೆ ತೆನೆ ಬಿಡಿಸಿ ನೋಡಿ, ಅವರ ತಾಳ್ಮೆ ಗೊತ್ತಾಗುತ್ತದೆ. ಕಾಲ ಇದೆಯಾ ಅಂತ ಕೇಳುವುದು ಬಿಟ್ಟು ನಿಮ್ಮ ಜಮೀನಿನ ವಿಷಯ ಕೇಳಿ. ಈ ಸಲ ಹಾಗೆ ಕೇಳಿದವರು ಒಬ್ಬರಿದ್ದಾರೆ. ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ. 3 ಎಕರೆ ಕೆಂಪು ಮಣ್ಣು, ಒಂದು ಬೋರ್, 2 ಇಂಚು ನೀರು. 2 ಎಕರೆ ಟೊಮೇಟೊಗೆ ಡ್ರಿಪ್ ಹಾಕಿದ್ದೇವೆ, ಎಕರೆಗೊಂದು ವಾಲ್ವ್. ಸಾಲಿನ ಕೊನೆಯ ಗಿಡಗಳು ಬಾಡುತ್ತವೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ ಮಣ್ಣಿನ ತೇವ ಅಳೆಯುವ ಸೆನ್ಸರ್, ಆಟೋಮ್ಯಾಟಿಕ್ ವಾಲ್ವ್ ಹಾಕೋಣ ಅನ್ನುತ್ತಾನೆ. ನನಗೆ ಇನ್ನೊಂದು ಬೋರ್ ಕೊರೆಸುವುದೇ ವಾಸಿ ಅನಿಸುತ್ತದೆ. ತೆಂಗಿನಕಾಯಿ ಇಟ್ಟು ನೋಡುವವರು ಜಾಗ ತೋರಿಸಿದ್ದಾರೆ. ಮಗನನ್ನು ವಾಪಸ್ ಕಳಿಸುವುದೇ ಒಳ್ಳೆಯದಲ್ವಾ?

ಉತ್ತರ: ಮಗನನ್ನು ಕಳಿಸಬೇಡಿ. ತೆಂಗಿನಕಾಯಿಯವರನ್ನು ಕಳಿಸಿ. ಅಂಗೈ ಮೇಲಿನ ಕಾಯಿ ಎದ್ದು ನಿಲ್ಲುವುದಕ್ಕೂ ಬಂಡೆಯ ಬಿರುಕಿನಲ್ಲಿ ನೀರು ಇರುವುದಕ್ಕೂ ಏನೂ ಸಂಬಂಧ ಇಲ್ಲ. ಅವರ ಮಾತು ನಂಬಿ ಸಾಲದಲ್ಲಿ ಮುಳುಗಿದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಕಟುವಾಗಿ ಹೇಳುತ್ತಿದ್ದೇನೆ.

ಈಗ ನೀರಿನ ವಿಷಯ. ‘2 ಇಂಚು’ ಅನ್ನುವುದು ಬೋರ್ ಕೊರೆದ ದಿನ ತಗಡಿನ ‘ವಿ’ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ಅಳೆದ ಲೆಕ್ಕ. ಆ ಕಚ್ಚಿನಲ್ಲಿ 2 ಇಂಚು ಅಂದರೆ 1 ಇಂಚಿನ ಎರಡರಷ್ಟಲ್ಲ, 5 ಪಟ್ಟಿಗಿಂತ ಜಾಸ್ತಿ. ಅರ್ಧ ಇಂಚು ಇಳಿದರೂ ನೀರು ಅರ್ಧದಷ್ಟು ಹೋಯಿತು ಅಂತಲೇ ತಿಳಿಯಿರಿ. ಇಂಚು ಮರೆತುಬಿಡಿ. ಮೋಟರ್ ಶುರುವಾಗಿ ಒಂದು ಗಂಟೆ ಕಳೆದ ಮೇಲೆ 200 ಲೀಟರ್ ಡ್ರಮ್ ಇಟ್ಟು ಮೊಬೈಲ್‌ನಲ್ಲಿ ಸಮಯ ನೋಡಿ. 4 ನಿಮಿಷಕ್ಕೆ ತುಂಬಿತು ಅನ್ನೋಣ. ಅಂದರೆ ಗಂಟೆಗೆ 3,000 ಲೀಟರ್.

ನಿಮ್ಮ ಸಾಲಿಗೂ ಸಾಲಿಗೂ 5 ಅಡಿ ಅಂತರ, ಪೈಪಿನಲ್ಲಿ 40 ಸೆಂಟಿಮೀಟರಿಗೊಂದು ಡ್ರಿಪ್ಪರ್ (ಹನಿ ಬಿಡುವ ತೂತು) ಇದ್ದರೆ ಎಕರೆಗೆ ಸುಮಾರು 6,600 ಡ್ರಿಪ್ಪರ್. ಒಂದೊಂದು ಡ್ರಿಪ್ಪರ್ ಗಂಟೆಗೆ 2 ಲೀಟರ್ ಬಿಡುವಂಥದ್ದು. ಎಕರೆ ಪೂರ್ತಿ ವಾಲ್ವ್ ತೆರೆದರೆ ಪೈಪು ಗಂಟೆಗೆ 13,000 ಲೀಟರಿಗಿಂತ ಜಾಸ್ತಿ ಕೇಳುತ್ತದೆ. ಬೋರ್ ಕೊಡುವುದು 3,000. ಪ್ರೆಷರ್ ಎಲ್ಲಿಂದ ಬರಬೇಕು? ವಾಲ್ವ್ ಹತ್ತಿರದ ಗಿಡ ಕುಡಿಯುತ್ತದೆ, ಕೊನೆಯ ಗಿಡ ಬಾಯಿಬಿಡುತ್ತದೆ. ಇದು ಡ್ರಿಪ್‌ನ ತಪ್ಪಲ್ಲ. ಎಕರೆಗೊಂದು ವಾಲ್ವ್ ಇಟ್ಟುಕೊಟ್ಟವರ ತಪ್ಪು.

ಎಕರೆಯನ್ನು ಐದು ಭಾಗ ಮಾಡಿ. 8 ಗುಂಟೆಗೊಂದು ಗೇಟ್ ವಾಲ್ವ್. ಒಂದು ಸಲಕ್ಕೆ ಒಂದೇ ತೆರೆಯಿರಿ. ಹನಿ ಕೊನೆಯವರೆಗೂ ಒಂದೇ ಸಮ ಬೀಳುತ್ತದೆ.

ಮುಂದಿನ ಮಾತು ನಿಮಗೆ ಹಿಡಿಸದೆ ಇರಬಹುದು. ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಬಂತು ಅಂದುಕೊಂಡರೂ ನಿಮಗೆ ಸಿಗುವುದು 21,000 ಲೀಟರ್. ಎಕರೆಗೆ 1 ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ಕಾಯಿ ತುಂಬುವ ಟೊಮೇಟೊಗೆ ದಿನಕ್ಕೆ 4ರಿಂದ 5 ಮಿಲಿಮೀಟರ್ ಬೇಕು. ಲೆಕ್ಕ ಒಂದು ಎಕರೆಗೆ ಸರಿಹೋಯಿತು, ಎರಡಕ್ಕೆ ಇಲ್ಲ. ಬೇಸಿಗೆಯಲ್ಲಿ ಒಂದೇ ಎಕರೆ ಇಡಿ. ಉಳಿದದ್ದಕ್ಕೆ ಮುಂಗಾರಿನಲ್ಲಿ ರಾಗಿ ಹಾಕಿ. ಕೃಷಿ ಹೊಂಡಕ್ಕೆ ಜಾಗ ಇದ್ದರೆ ತೋಡಿಸಿ. ಇನ್ನೊಂದು ಬೋರ್ ಕೊರೆದರೆ ಮೊದಲನೆಯದರ ನೀರನ್ನೇ ಅದು ಎಳೆದುಕೊಳ್ಳಬಹುದು.

ನಾಳೆ ಬೆಳಗ್ಗೆ ಮಗನ ಜೊತೆ ತೋಟಕ್ಕೆ ಹೋಗಿ. ನೀರು ಬಿಟ್ಟು, ಒಂದು ಸಾಲಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ, ಬರುವ ನೀರನ್ನು ಬಿಳಿ ಲೋಟದಲ್ಲಿ ಹಿಡಿಯಿರಿ. ಟೀ ಬಣ್ಣದ ನೀರು ಬಂದು ತಳದಲ್ಲಿ ಕೆಂಪು ಕೆಸರು ನಿಂತರೆ ನಿಮ್ಮ ಫಿಲ್ಟರ್ ಕೆಲಸ ಮಾಡುತ್ತಿಲ್ಲ. ನಮ್ಮ ತಂದೆಯ ತೋಟದಲ್ಲಿ ಎರಡನೇ ವರ್ಷಕ್ಕೇ ಅರ್ಧಕ್ಕರ್ಧ ಡ್ರಿಪ್ಪರ್ ಕಟ್ಟಿಕೊಂಡಿದ್ದವು. ಪೈಪ್ ಮಾರಿದವರು ಫಿಲ್ಟರ್ ತೊಳೆಯುವುದನ್ನು ಹೇಳಿಕೊಟ್ಟೇ ಇರಲಿಲ್ಲ. ಅಪ್ಪ ಗುಂಡುಪಿನ್ ಹಿಡಿದು ಒಂದೊಂದೇ ತೂತು ಬಿಡಿಸುತ್ತಾ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಪಿನ್ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಫಿಲ್ಟರ್ ದಿನವೂ ತೊಳೆಯಿರಿ, ವಾರಕ್ಕೊಮ್ಮೆ ಎಂಡ್ ಕ್ಯಾಪ್ ತೆಗೆದು ಪೈಪು ತೊಳೆದುಬಿಡಿ.

ಇದೆಲ್ಲ ಆದ ಮೇಲೆ ಮಗನ ಸೆನ್ಸರ್. ಅವನು ಹೇಳಿದ್ದು ಸರಿ, ಸ್ವಲ್ಪ ಬೇಗ ಹೇಳಿದ್ದಾನೆ ಅಷ್ಟೇ. ಕಟ್ಟಿಕೊಂಡ ಪೈಪಿಗೆ ಆಟೋಮ್ಯಾಟಿಕ್ ವಾಲ್ವ್ ಹಾಕಿದರೆ ತಾನಾಗೇ ಗಿಡ ಒಣಗಿಸುತ್ತದೆ. ಮೊದಲು ಟೆನ್ಸಿಯೋಮೀಟರ್ ತನ್ನಿ. ಪಿಂಗಾಣಿ ತುದಿಯ ಕೊಳವೆ, ಮೇಲೆ ಗಡಿಯಾರದ ಹಾಗೆ ಮುಳ್ಳು. ಕರೆಂಟೂ ಬೇಡ, ಇಂಟರ್‌ನೆಟ್ಟೂ ಬೇಡ. ಬೇರಿನ ಪಕ್ಕ ಒಂದು ಅಡಿ ಆಳಕ್ಕೆ ನೆಡಿ. ಮಣ್ಣು ಒಣಗಿದಷ್ಟೂ ಮುಳ್ಳು ಏರುತ್ತದೆ. ಒಂದು ಬೆಳೆ ಪೂರ್ತಿ ಮಗ ಅದನ್ನು ದಿನವೂ ಬರೆದಿಡಲಿ. ಯಾವ ವಾರ ನೀರು ಸುಮ್ನೆ ಹೋಯಿತು, ಯಾವ ವಾರ ಸಾಲಲಿಲ್ಲ ಅಂತ ಆ ಪುಸ್ತಕ ಹೇಳುತ್ತದೆ. ಮುಂದಿನ ಬೆಳೆಗೆ ಆ ಲೆಕ್ಕ ಇಟ್ಟುಕೊಂಡು ಅವನು ಕೇಳಿದ್ದನ್ನು ಕೊಡಿಸಿ. ಆದರೆ ಸಾಲ ಮಾಡಬೇಡಿ. ಈ ವಿಷಯದಲ್ಲಿ ನಾನು ಪುಕ್ಕಲಿ ಅಂದರೂ ಪರವಾಗಿಲ್ಲ.

ಡ್ರಮ್ ಲೆಕ್ಕವನ್ನು ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮಾಡಿ. ಇವತ್ತಿನ 4 ನಿಮಿಷ ಆಗ 7 ಆಗಿರಬಹುದು.

ಪ್ರಶ್ನೆ: ಎಲೆಗೆ ಹೊಡೆಯುವ ದ್ರವ ಗೊಬ್ಬರ ನ್ಯಾನೋ ಯೂರಿಯಾ ಒಂದು ಬಾಟಲಿ ಇದ್ದರೆ ಒಂದು ಮೂಟೆ ಯೂರಿಯಾ ಬೇಡವಂತೆ. ನಿಜವಾ?

ಉತ್ತರ: ನೀವೇ ಗುಣಿಸಿ. 45 ಕೆ.ಜಿ. ಮೂಟೆಯಲ್ಲಿ ಶೇ 46 ಸಾರಜನಕ, ಅಂದರೆ 20 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಮೊದಲು ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4, ಅಂದರೆ 20 ಗ್ರಾಂ. ಹೊಸ ಗೊಬ್ಬರವೇ ಬೇಡ ಅನ್ನುತ್ತಿಲ್ಲ. ನಾಲ್ಕು ಸಾಲಿಗೆ ಹೊಡೆದು, ಪಕ್ಕದ ನಾಲ್ಕು ಸಾಲು ಹಾಗೇ ಬಿಟ್ಟು, ಇಳುವರಿ ತೂಗಿ ನೋಡಿ. ಅಲ್ಲಿಯವರೆಗೆ ಮೂಟೆ ಬಿಡಬೇಡಿ.

ಪ್ರಶ್ನೆ: 2 ಎಕರೆ ತೊಗರಿಗೆ ಔಷಧಿ ಹೊಡೆಯಲು ಡ್ರೋನ್ ಕೊಳ್ಳಲಾ?

ಉತ್ತರ: ಬೇಡ, ಬಾಡಿಗೆಗೆ ತನ್ನಿ.

ಪ್ರಶ್ನೆ: ಲೇಬಲ್ ಇಲ್ಲದ ಟಾನಿಕ್ ಕೊಟ್ಟು, ಎಲ್ಲ ಬೆಳೆಗೂ ಆಗುತ್ತದೆ ಅಂದರು. ಹಾಕಬಹುದಾ?

ಉತ್ತರ: ಒಳಗೆ ಏನಿದೆ ಅಂತ ಬರೆಯದ ಬಾಟಲಿಯನ್ನು ಗಿಡದ ಹತ್ತಿರವೂ ತರಬೇಡಿ. ಬಿಲ್ ಕೇಳಿ. ಕೊಡಲ್ಲ ಅಂದರೆ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಾಟಲಿ ಸಮೇತ ದೂರು ಕೊಡಿ.