ಸೈಜು ಒಂದೇ, ಆದರೂ ಜೋಡಿಯಲ್ಲ

ಪ್ರಶ್ನೆ: ನಾನು ಶಿಕ್ಷಕಿ. ಗದಗದಿಂದ ಮುಳಗುಂದ ದಾಟಿ ಲಕ್ಷ್ಮೇಶ್ವರದ ಕಡೆ ಶಾಲೆಗೆ ದಿನಾ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಟೈರು 165/80 ಆರ್ 14. ಹೋದ ತಿಂಗಳು ಗುಂಡಿಗೆ ಬಿದ್ದು ಮುಂದಿನ ಎಡ ಟೈರಿನ ಪಕ್ಕ ಸೀಳಿತು. ಅದೇ ಮಾಡೆಲ್ ಸಿಗಲಿಲ್ಲ. ಅಂಗಡಿಯವರು ಅದೇ ಸೈಜಿನ ಬೇರೆ ಕಂಪನಿಯದ್ದು ಹಾಕಿಕೊಟ್ಟರು. ಉಳಿದ ಮೂರೂ 32 ಸಾವಿರ ಕಿಲೋಮೀಟರ್ ಓಡಿದ ಹಳೇವು. ಈಗ ಮಳೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಜಗ್ಗುತ್ತದೆ. “ಸೈಜ್ ಒಂದೇ ಐತಲ್ಲ, ಏನೂ ಆಗಂಗಿಲ್ಲ” ಅಂತಾರೆ ನಮ್ಮ ಯಜಮಾನರು. ಇನ್ನೊಂದು ಟೈರು ತರಬೇಕಾ ಸರ್? ಸುಮ್ನೆ ಖರ್ಚು ಅಲ್ವಾ?
– ಓದುಗರೊಬ್ಬರು, ಗದಗ

ಉತ್ತರ: ತರಬೇಕು ಅಕ್ಕೋರೆ, ಈ ವಾರವೇ. ಒಣ ರಸ್ತೆಯಲ್ಲಿ ನೆಟ್ಟಗೆ ಹೋಗುವ ಗಾಡಿ ಮಳೆಯಲ್ಲಿ ಮಾತ್ರ ಜಗ್ಗುತ್ತಿದೆ ಅಂದರೆ, ಮುಂದಿನ ಎರಡು ಟೈರು ನೆಲವನ್ನು ಒಂದೇ ಥರ ಹಿಡಿಯುತ್ತಿಲ್ಲ ಅಂತಲೇ ನನಗೆ ಅನಿಸುತ್ತದೆ.

ಯಜಮಾನರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಎಂಬತ್ತರಷ್ಟು. 14 ರಿಮ್ಮಿನ ಇಂಚು. ರಬ್ಬರು ಎಷ್ಟು ಮೆತ್ತಗಿದೆ, ಗೋಡೆ ಎಷ್ಟು ಬಿಗಿ, ಗ್ರಿಪ್ಪಿನ ಗೆರೆ ನೀರನ್ನು ಹೇಗೆ ಹೊರಗೆ ತಳ್ಳುತ್ತದೆ ಅನ್ನೋದು ಆ ಅಂಕಿಗಳಲ್ಲಿ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಇದು ಬೇರೆ ಬೇರೆ. ಸಾಲದ್ದಕ್ಕೆ ನಿಮ್ಮದರಲ್ಲಿ ಒಂದು ಹೊಸದು, ಒಂದು ಸವೆದದ್ದು. ಕಾರಿನ ಹೊಸ ಟೈರಿನ ಗೆರೆ ಏಳೆಂಟು ಮಿಲಿಮೀಟರ್ ಆಳ ಇರುತ್ತದೆ. 32 ಸಾವಿರ ಓಡಿದ್ದರಲ್ಲಿ ಅರ್ಧ ಉಳಿದಿದ್ದರೆ ಹೆಚ್ಚು. ನೀರು ಹರಿಯುವ ರಸ್ತೆಯಲ್ಲಿ ಎಡ ಚಕ್ರ ನೀರು ಸೀಳಿ ಡಾಂಬರು ಹಿಡಿಯುತ್ತದೆ, ಬಲದ್ದು ನೀರಿನ ಮೇಲೆ ತೇಲಲು ನೋಡುತ್ತದೆ. ಯಾವ ಕಡೆ ಹಿಡಿತ ಜಾಸ್ತಿಯೋ ಆ ಕಡೆ ಗಾಡಿ ಜಗ್ಗುತ್ತದೆ. ಎಬಿಎಸ್ ಇದ್ದರೂ ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಟೈರಿನಲ್ಲೇ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ನಿಮ್ಮ ದಾರಿ ನನಗೆ ಗೊತ್ತು. ಮುಳಗುಂದದ ಸುತ್ತ ಎರೆಹೊಲ. ಹೆಸರು ಬಿಡಿಸೋ ದಿನಗಳಲ್ಲಿ ಟ್ರ್ಯಾಕ್ಟರುಗಳು ಹೊಲದಿಂದ ಮೇಲೆ ಬರುವಾಗ ಚಕ್ರಕ್ಕೆ ಮೆತ್ತಿದ ಮಣ್ಣನ್ನು ರಸ್ತೆಗೆ ಬಿಟ್ಟು ಹೋಗುತ್ತವೆ. ಜೋರು ಮಳೆ ಅದನ್ನು ತೊಳೆದು ಹಾಕುತ್ತದೆ. ಜಿಟಿಜಿಟಿ ಮಳೆಗೆ ಅದು ಲೋಳೆ ಆಗುತ್ತದೆ.

ಇಂಥದ್ದೇ ಲೋಳೆಯಲ್ಲಿ ನಾನು ಒಮ್ಮೆ ಸಿಕ್ಕಿಕೊಂಡಿದ್ದೆ. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೊರಟಿದ್ದೆವು. ಹಿಂದಿನ ಒಂದು ಟೈರು ಪಂಕ್ಚರ್ ಆಗಿ ಹಾಳಾಗಿತ್ತು ಅಂತ ಅದೊಂದನ್ನೇ ಬದಲಿಸಿದ್ದೆ. ಗೋಕುಲ ರಸ್ತೆಯಲ್ಲಿ ಚಕ್ರಗಳನ್ನು ನೇರಕ್ಕೆ ಕೂರಿಸುವ ಅಲೈನ್‌ಮೆಂಟ್ ಅಂಗಡಿ ಇಟ್ಟು ಆಗಲೇ ಆರು ವರ್ಷ ಆಗಿತ್ತು, ಆದರೂ ನಡೀತದೆ ಅಂದುಕೊಂಡೆ. ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿಯ ಹಿಂಭಾಗ ಸರ್ರನೆ ಪಕ್ಕಕ್ಕೆ ಸರಿದು, ಮುಖ ಹುಬ್ಬಳ್ಳಿ ಕಡೆ ಆಗಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಎದುರಿಗೆ ಬಸ್ಸು ಬರಲಿಲ್ಲ, ಅದಕ್ಕೆ ಉಳಿದೆವು. ಅವತ್ತಿನಿಂದ ಒಂದು ಟೈರು ಕೇಳಿಕೊಂಡು ಬಂದವರನ್ನು ಕೂರಿಸಿ, ಚಹಾ ತರಿಸಿ, ಇದನ್ನು ಹೇಳದೆ ಕಳಿಸಿಲ್ಲ.

ಈಗ ನೀವು ಮಾಡಬೇಕಾದ್ದು. ಹೊಸದಾಗಿ ಹಾಕಿದ ಟೈರಿನದೇ ಕಂಪನಿ, ಅದೇ ಮಾಡೆಲ್ ಇನ್ನೊಂದು ತನ್ನಿ. ಆ ಜೋಡಿಯನ್ನು ಹಿಂದಕ್ಕೆ ಹಾಕಿಸಿ, ಹಿಂದಿರುವ ಹಳೇ ಜೋಡಿಯನ್ನು ಮುಂದಕ್ಕೆ ತನ್ನಿ. ಹೊಸದು ಮುಂದೇ ಇರಲಿ ಅಂತ ಬಹಳ ಜನ ಹಟ ಮಾಡುತ್ತಾರೆ. ಮುಂದಿನ ಚಕ್ರ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಷ್ಟೋ ಸಲ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿ ಆಗುತ್ತದೆ, ಕೈಗೆ ಸಿಗುವುದಿಲ್ಲ. ಹಿಂದೊಂದು ಮಾಡೆಲ್, ಮುಂದೊಂದು ಮಾಡೆಲ್ ಇದ್ದರೆ ಕಾರಿಗೆ ನಡೆಯುತ್ತದೆ. ಒಂದೇ ಆಕ್ಸಲ್‌ಗೆ (ಮುಂದಿನ ಜೋಡಿಗಾಗಲಿ, ಹಿಂದಿನ ಜೋಡಿಗಾಗಲಿ) ಬೇರೆ ಬೇರೆ ಬೇಡ. (ಹಳೇ ಜೀಪು ಇಟ್ಟುಕೊಂಡವರಿಗೂ ಒಂದು ಮಾತು: ಸೈಜಿನಲ್ಲಿ ‘ಆರ್’ ಇರುವ ರೇಡಿಯಲ್ ಜೊತೆ ಹಳೇ ಥರದ ನೈಲಾನ್ ಟೈರು ಯಾವ ಕಾರಣಕ್ಕೂ ಹಾಕಬೇಡಿ.)

ಮುಂದಕ್ಕೆ ತರುವ ಮೊದಲು ಹಳೇ ಜೋಡಿಯನ್ನು ನೋಡಿ. ಗೆರೆಯೊಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರಿನ ದಿಬ್ಬ ಇರುತ್ತದೆ. ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದದ್ದು 1.6 ಮಿಲಿಮೀಟರ್ ಅಂತ ಅರ್ಥ, ಅದು ಕಾನೂನಿನ ಮಿತಿ. ನಾನು 3 ಮಿಲಿಮೀಟರಿಗೇ ಬದಲಿಸಿ ಅನ್ನುತ್ತೇನೆ. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಾಗೆ ತಾಗಿದರೆ ಅಲೈನ್‌ಮೆಂಟ್ ಹೋಗಿದೆ. ಪಕ್ಕ ಸೀಳುವಷ್ಟು ಏಟು ಬಿದ್ದ ಗಾಡಿ, ಹೇಗಿದ್ದರೂ ಅಲೈನ್‌ಮೆಂಟ್ ಮಾಡಿಸಿ, ರಿಮ್ ಸೊಟ್ಟ ಆಗಿದೆಯಾ ನೋಡಿಸಿ. ಜೋಡಿ ಬದಲಿಸಿದ ಮೇಲೂ ಎಡಕ್ಕೇ ಜಗ್ಗಿದರೆ ಬ್ರೇಕ್ ಬಿಚ್ಚಿಸಿ, ಬಲಗಡೆ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ಜಾಮ್ ಆಗಿ ಸರಿಯಾಗಿ ಒತ್ತದೆ ಇರಬಹುದು.

ಅಂಗಡಿಯಲ್ಲಿ ಟೈರಿನ ಪಕ್ಕದ ನಾಲ್ಕು ಅಂಕಿ ಓದಿಯೇ ದುಡ್ಡು ಕೊಡಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಈಗಿರುವ ಹೊಸದರ ತಾರೀಖಿಗೆ ಹತ್ತಿರದ್ದೇ ಸಿಕ್ಕರೆ ಒಳ್ಳೇದು.

ಅಲ್ಲಿವರೆಗೆ ಮಳೆ ಬಂದ ದಿನ ಕಾರು ತೆಗೀಬೇಡಿ ಅಕ್ಕೋರೆ, ಬಸ್ಸಿಗೆ ಹೋಗಿ.