ಸಂಪಾದಕರ ಉತ್ತರ: ಕರಗಿದ ಗಂಟು, ಕರಗದ ಸಿಟ್ಟು

ಬ್ರಿಟನ್ನಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಓದಿ ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನಮ್ಮಿಂದ ದೋಚಿದ ಗಂಟು ಕರಗಿತು, ಬ್ರಿಟನ್ ಬಡವಾಯಿತು, ಜನಕ್ಕೆ ಸಿಟ್ಟು ಬಂತು. ಇಷ್ಟು ಹೇಳಲು ನಾಲ್ಕು ಪುಟ ಬೇಕಿತ್ತೇ? ಅದಿರಲಿ, ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಅವರನ್ನು ಯಾಕೆ ಸೋಲಿಸಿದರು?"

ಮೇಷ್ಟ್ರೇ, ನಾಲ್ಕು ಪುಟ ಹೆಚ್ಚಾಯಿತು, ಒಪ್ಪಿದೆ. ಉಳಿದದ್ದನ್ನು ಒಪ್ಪಲು ಲೆಕ್ಕ ಬಿಡುತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಕುತ್ತಿಗೆಮಟ್ಟ ಸಾಲದಲ್ಲಿತ್ತು. ಭಾರತಕ್ಕೇ ನೂರು ಕೋಟಿ ಪೌಂಡಿಗೂ ಮಿಕ್ಕಿ ಕೊಡಬೇಕಿತ್ತು. 1945ರ ಕೊನೆಯಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿನಲ್ಲಿ ಕೂತು ಕುದುರಿಸಿದ 375 ಕೋಟಿ ಡಾಲರ್ ಸಾಲದ ಕೊನೆಯ ಕಂತು ತೀರಿದ್ದು 2006ರಲ್ಲಿ! ಯುದ್ಧದುದ್ದಕ್ಕೂ ಪಡಿತರಕ್ಕೆ ಸೇರದಿದ್ದ ಬ್ರೆಡ್ಡು, ಗೆದ್ದ ಮೇಲೆ, 1946ರಲ್ಲಿ ಸೇರಿತು.

ಆದರೆ ಆ ಕಷ್ಟ ಹತ್ತು ವರ್ಷದೊಳಗೆ ಕಳೆಯಿತು. 1954ಕ್ಕೆ ಪಡಿತರ ಮುಗಿದಿತ್ತು, ಕೆಲಸವಿಲ್ಲದವರು ತೀರ ಕಡಿಮೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ನೀವು ಇಷ್ಟು ಚೆನ್ನಾಗಿ ಯಾವತ್ತೂ ಇದ್ದಿಲ್ಲ ಎಂಬರ್ಥದಲ್ಲಿ 1957ರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಭಾಷಣ ಮಾಡಿದ್ದು ಬರೀ ಬಡಾಯಿಯಲ್ಲ. ತೊಂದರೆಯೆಂದರೆ ಪಕ್ಕದ ಮನೆಯವರು ಇನ್ನೂ ಜೋರಾಗಿ ಬೆಳೆಯುತ್ತಿದ್ದರು. ಫ್ರಾನ್ಸ್, ನೆದರ್‌ಲ್ಯಾಂಡ್ಸ್‌ಗಳೂ ವಸಾಹತು ಕಳೆದುಕೊಂಡವೇ. ಪಶ್ಚಿಮ ಜರ್ಮನಿಯ ಊರುಗಳಂತೂ ಬಾಂಬಿಗೆ ಸುಟ್ಟುಹೋಗಿದ್ದವು. ಮೂರೂ ಬ್ರಿಟನ್ನನ್ನು ಹಿಂದೆ ಹಾಕುವ ವೇಗದಲ್ಲಿ ಬೆಳೆದವು. ನಿಮ್ಮ ಗಂಟಿನ ವಾದ ಮುಗ್ಗರಿಸುವುದು ಇಲ್ಲೇ.

ನನ್ನ ಪ್ರಕಾರ ದೊಡ್ಡ ಪೆಟ್ಟು ಕೊಟ್ಟದ್ದು ಪೌಂಡಿನ ಮೇಲಿನ ಮೋಹ, ಡಾಲರಿನೆದುರು ಅದರ ಬೆಲೆ ಇಳಿಯಬಾರದೆಂಬ ಹಟ. ವ್ಯಾಪಾರ ಚಿಗುರಿದರೆ ಆಮದು ಏರುತ್ತಿತ್ತು, ಪೌಂಡು ಅಲುಗಾಡುತ್ತಿತ್ತು. ಕೂಡಲೇ ಸರ್ಕಾರ ಬಡ್ಡಿ ಏರಿಸಿ, ಕಂತಿನ ಖರೀದಿಗೆ ಕಡಿವಾಣ ಹಾಕುತ್ತಿತ್ತು. ಹೊಸ ಯಂತ್ರ ತರಿಸಬೇಕೆಂದಿದ್ದ ಕಾರ್ಖಾನೆಯವನು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಇಷ್ಟು ಕಾಪಾಡಿದರೂ ಪೌಂಡು ಉಳಿಯಲಿಲ್ಲ: 1949ರಲ್ಲಿ 4.03 ಡಾಲರಿನಿಂದ 2.80ಕ್ಕೆ, 1967ರಲ್ಲಿ 2.40ಕ್ಕೆ ಇಳಿಯಿತು. ನಿಮ್ಮ ಜೇಬಿನ ಪೌಂಡಿಗೆ ಏನೂ ಆಗಿಲ್ಲ ಎಂದು ಪ್ರಧಾನಿ ವಿಲ್ಸನ್ ಟಿವಿಯಲ್ಲಿ ಸಮಾಧಾನ ಹೇಳಿದರು. ಸಂತೆಗೆ ಹೋಗುವವರಿಗೆ ಇಂಥ ಸಮಾಧಾನ ನಾಟುವುದಿಲ್ಲ.

ಇನ್ನು ಸಿಟ್ಟಿನ ವಿಷಯ. 1974ರ ಫೆಬ್ರವರಿ ಚುನಾವಣೆಯನ್ನು ನೋಡಿ. ಗಣಿ ಕಾರ್ಮಿಕರ ಹೋರಾಟದಿಂದ ಕಲ್ಲಿದ್ದಲು ಸಾಲದೆ, ಉದ್ಯಮಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತು. ಈ ದೇಶ ಆಳುವವರು ಯಾರು ಎಂದು ಪ್ರಧಾನಿ ಹೀತ್ ಜನರನ್ನೇ ಕೇಳಿದರು. ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹೆಚ್ಚು ಬಂತು, ಸ್ಥಾನ 297. ಲೇಬರ್‌ಗೆ ಮತ ಕಡಿಮೆ, ಸ್ಥಾನ 301. ಸುಮಾರು 60 ಲಕ್ಷ ಮತ ಪಡೆದ ಲಿಬರಲ್ ಪಕ್ಷಕ್ಕೆ ಸಿಕ್ಕಿದ್ದು 14! ಎರಡು ದೊಡ್ಡ ಪಕ್ಷಗಳು 1951ರಲ್ಲಿ ನೂರಕ್ಕೆ 97ರಷ್ಟು ಮತ ಹಂಚಿಕೊಂಡಿದ್ದವು. ಈ ಸಲ 75. ನಾಲ್ಕರಲ್ಲಿ ಒಬ್ಬರು ಇಬ್ಬರೂ ಬೇಡವೆಂದರು, ಆ ಮಾತು ಸಂಸತ್ತಿನ ಬಾಗಿಲು ದಾಟಲಿಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. 1979ರ ಚಳಿಗಾಲದ ಮುಷ್ಕರಗಳ ನಡುವೆ ಪ್ರಧಾನಿ ಕ್ಯಾಲಹನ್ "ಬಿಕ್ಕಟ್ಟೇ? ಯಾವ ಬಿಕ್ಕಟ್ಟು?" ಎಂದರೆಂದು ನಮ್ಮ ಲೇಖನದಲ್ಲಿತ್ತು. ಅದು ಪತ್ರಿಕೆಯೊಂದು ಕೊಟ್ಟ ತಲೆಬರಹ, ಅವರ ಮಾತಲ್ಲ. ಲಿವರ್‌ಪೂಲಿನಲ್ಲಿ ಗೋರಿ ತೋಡುವವರೂ ಮುಷ್ಕರ ಹೂಡಿದ್ದಂತೂ ನಿಜ.

ಅಳಿಯನ ವಿಷಯಕ್ಕೆ ಬರೋಣ. ಸುನಕ್ 14 ವರ್ಷದಲ್ಲಿ ಕನ್ಸರ್ವೇಟಿವ್ ಪಕ್ಷ ಕೊಟ್ಟ ಐದನೇ ಪ್ರಧಾನಿ. ಅವರ ಹಿಂದಿನವರು ಏಳೇ ವಾರ ಉಳಿದಿದ್ದರು. ಯಾರು ನಿಂತಿದ್ದರೂ 2024ರಲ್ಲಿ ಪಕ್ಷ ಗೆಲ್ಲುತ್ತಿತ್ತೆಂದು ನನಗನಿಸುವುದಿಲ್ಲ. ಹಾಗಂತ ಗೆದ್ದವರ ಮೇಲೆ ಜನ ಪ್ರೀತಿ ಸುರಿಸಲೂ ಇಲ್ಲ. 1951ರಲ್ಲಿ ಶೇ. 48.8 ಮತ ಪಡೆದು ಸೋತಿದ್ದ ಲೇಬರ್ ಪಕ್ಷ, 2024ರಲ್ಲಿ ಶೇ. 33.7 ಮತಕ್ಕೆ 411 ಸ್ಥಾನ ಬಾಚಿಕೊಂಡಿತು.